ಅಗಿದು ತಿನ್ನು ಎಂದದ್ದು

...ಆದರೆ ಸುಧಾ ಮೊದಲ ಸಲ ಮುದ್ದೆ ಉಂಡದ್ದು ಗೌರಮ್ಮನ ಮನೆಯಲ್ಲೇ ಅಂತ ನಾನು ಇಷ್ಟು ಖಚಿತವಾಗಿ ಹೇಗೆ ಹೇಳಲಿ? ಅಲ್ಲಿ ನಾನಿದ್ದೆನೆ? ಮಗಳು ಹೇಳಿದ್ದು, ಗೌರಮ್ಮ ಹೇಳಿದ್ದು, ನಾನು ಊಹಿಸಿದ್ದು ಎಲ್ಲವನ್ನೂ ಕಲಸಿ ಈಗ ನೆನಪು ಅನ್ನುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಿರಬೇಕು, ಹೊಳೆನರಸೀಪುರ. ನಮ್ಮದು ಅನ್ನದ ಮನೆ. ಸಾರನ್ನ, ಹುಳಿಯನ್ನ, ಮೊಸರನ್ನ. ಐದು ವರ್ಷದ ಸುಧಾ ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ತಟ್ಟೆಯೆದುರು ನಾನು, ಕಾವಲಿಗೆ. ತೂಕ ನೋಡಿದ ಡಾಕ್ಟರು "ಏನೂ ಹಾಕಲ್ವೇನಮ್ಮಾ ಮಗೂಗೆ?" ಅಂದರು. ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ಪಕ್ಕದ ಮನೆಯವರದು ತೆಂಗಿನಕಾಯಿ ವ್ಯಾಪಾರ. ಆ ಮನೆಯ ಗೌರಮ್ಮನ ಹತ್ತಿರ ಇದನ್ನು ತೋಡಿಕೊಂಡರೆ ಅವರು ನಕ್ಕೇಬಿಟ್ಟರು.

"ಊಟ ಬಿಟ್ಟವಳಾ? ನಮ್ಮುಡುಗ್ರು ಜೊತೆ ದಿನಾ ಮುದ್ದೆ ಉಣ್ತಾಳಲ್ಲ ಮೇಡಮ್ಮೋರೆ! ಇನ್ನೊಂಚೂರು ಆಕು ಅಂತಾಳೆ ಕಣಿ!"

ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು. ಮಾರನೇ ದಿನವೇ ರಾಗಿಹಿಟ್ಟು ತಂದು ತಿರುವಿದೆ. ಗಂಟುಗಂಟಾದರೂ ಮುದ್ದೆಯೇ. ಮುಂದಿಟ್ಟು, ಅನ್ನದ ಮನೆಯವಳ ಬುದ್ಧಿ ನೋಡಿ, "ಚೆನ್ನಾಗಿ ಅಗಿದು ತಿನ್ನು" ಅಂದೆ. ಅಗಿದಳು. ಹಲ್ಲಿಗೆಲ್ಲ ಮೆತ್ತಿತು.

"ಅಗೀಬಾರ್ದಮ್ಮಾ! ಸಾರಲ್ಲಿ ಅದ್ದಿ ಗುಳುಕ್ ಅಂತ ನುಂಗ್ಬೇಕು. ನಿಂಗೇನೂ ಗೊತ್ತಿಲ್ಲ!"

ಸರಿ, ನುಂಗು ಅಂದೆ. ನುಂಗಲೂ ಇಲ್ಲ.

ನಾವು 'ಊಟ ಮಾಡು' ಅನ್ನುತ್ತೇವೆ, ಅವರು 'ಉಣ್ಣು' ಅನ್ನುತ್ತಾರೆ. 'ಮಾಡು' ಸೇರಿದ್ದೇ ತಡ, ಊಟ ಹೋಗಿ ಹೋಂವರ್ಕಿನ ಪಕ್ಕ ಕೂರುತ್ತದೋ ಏನೋ. ಇದು ಭಾಷಾಶಾಸ್ತ್ರವಲ್ಲ, ಸೋತವಳ ಸಮಾಧಾನ.

ಒಂದು ಸಂಜೆ ಸುಧಾಳನ್ನು ಕರೆಯಲು ಗೌರಮ್ಮನ ಮನೆಗೆ ಹೋದಾಗ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು. ಯಾರ ತಟ್ಟೆಯನ್ನೂ ಯಾರೂ ನೋಡುತ್ತಿರಲಿಲ್ಲ. ಗೌರಮ್ಮ ಬೆನ್ನು ಹಾಕಿ ಒಗ್ಗರಣೆಗೆ ನಿಂತಿದ್ದರು. "ನೀವೂ ಕುಂತ್ಕಳಿ" ಅಂದರು. ಕೂತೆ. ತುತ್ತು ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು ಬಂತು.

"ನಮ್ಮಮ್ಮಂಗೆ ನುಂಗಕ್ಕೆ ಬರಲ್ಲ ಕಣ್ರೋ!" ಸುಧಾ ಕೂಗಿದಳು. ಎಲ್ಲ ನಕ್ಕವು. ನಾನು ನೀರು ಕುಡಿದು ತಿರುಗುವಷ್ಟರಲ್ಲಿ ಅವಳ ತಟ್ಟೆ ಖಾಲಿ.

ಆಮೇಲೆ ಯಾವಾಗಲೋ ಮನೆಯಲ್ಲೂ ಉಣ್ಣತೊಡಗಿದಳು, ಅನ್ನವನ್ನೇ. ಈಗ ಕೇಳಿದರೆ, "ನಾನ್ಯಾವಾಗಮ್ಮ ಊಟ ಬಿಟ್ಟಿದ್ದೆ?" ಅನ್ನುತ್ತಾಳೆ. ಆ ವರ್ಷ ಅವಳಿಗೆ ಸೇರದೆ ಇದ್ದದ್ದು ಅನ್ನವೋ, ಅನ್ನದೆದುರು ಕೂತಿದ್ದ ನಾನೋ, ನನಗೆ ಗೊತ್ತಿಲ್ಲ.