ಸುಶೀಲಾಳ ಬಾಲವಾಡಿ

ಮೊಮ್ಮಗಳನ್ನು ಪ್ಲೇಸ್ಕೂಲಿಗೆ ಬಿಟ್ಟು ಕರೆತರುವುದು ನಿವೃತ್ತಿಯ ನಂತರ ನನಗೆ ಸಿಕ್ಕಿರುವ ಒಂದೇ ಹುದ್ದೆ. ಮೊನ್ನೆ ಆ ಶಾಲೆಯ ಬಾಗಿಲು ತೆರೆದಾಗ ಒಳಗಿನಿಂದ ಒಂದು ವಾಸನೆ ಬಂತು. ತಳಹತ್ತಿದ ಹಾಲು, ಫಿನಾಯಿಲು, ಒಣಗದ ಚಡ್ಡಿ ಮೂರೂ ಕಲೆತ ವಾಸನೆ. ಮೊಮ್ಮಗಳು ಕೈ ಬಿಡಿಸಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಇದೇ ಬೊರಿವಲಿಯ ಒಂದು ತಗಡಿನ ಕೋಣೆಗೆ, ಎಂಬತ್ತರ ದಶಕದ ಕೊನೆಯ ದಿನಗಳಿಗೆ ಹೋಗಿ ನಿಂತೆ.

ಆಗ ನಾನು ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ದಾದರಿನಲ್ಲಿ ಒಂದು ಸಂಸ್ಥೆ ತರಬೇತಿ ನಡೆಸುತ್ತಿತ್ತು. ಬಸ್ತಿಗಳ, ಅಂದರೆ ಗುಡಿಸಲು ಕೇರಿಗಳ, ತೊಂದರೆಗಳಿಗೆ ದಾರಿ ಹುಡುಕಿ, ತಾವೇ ಏನಾದರೂ ಕಟ್ಟಿ ನಡೆಸಬಲ್ಲ ತರುಣರನ್ನು ತಯಾರು ಮಾಡುವುದು ಅವರ ಉದ್ದೇಶ. ಇಂಥವರನ್ನು ಈಗ ಸಾಮಾಜಿಕ ಉದ್ಯಮಿಗಳು ಎನ್ನುತ್ತಾರಂತೆ. ಆಗ ನಮಗೆ ಹೆಸರೇ ಇರಲಿಲ್ಲ. ನಮ್ಮ ತಂದೆ 'ಅಲ್ಲಿಗೆ ಹೋಗಿ ಬರ್ತಾನೆ' ಎಂದಷ್ಟೇ ನೆಂಟರಿಗೆ ಹೇಳುತ್ತಿದ್ದರು. ಸಮಾಜವನ್ನು ತಿದ್ದುವ ಹಂಬಲ ನನಗಿತ್ತೆಂದು ನೀವು ಭಾವಿಸಬೇಡಿ. ಮಧ್ಯಾಹ್ನ ಊಟ ಹಾಕುತ್ತಿದ್ದರು, ಮನೆಯಲ್ಲಿ ತಂದೆಯ ಮುಖ ನೋಡುವುದು ತಪ್ಪುತ್ತಿತ್ತು.

ಕಲಿಸುತ್ತಿದ್ದವರು ಬೆಂಗಳೂರಿನ ಕಮಲಾ ಮೇಡಂ. ಪಾಠ ಮಾಡಿದ್ದು ಕಡಿಮೆ. ನಾವು ಏನೇ ಯೋಜನೆ ಹೇಳಿದರೂ ಕೇಳಿಸಿಕೊಂಡು, "ಸರಿ, ಆಮೇಲೆ?" ಎನ್ನುವರು. ಪ್ರತಿ ಚಾಳಿನ ವಠಾರಕ್ಕೂ ಒಂದು ವಾಚನಾಲಯ ಎಂಬ ನನ್ನ ಮಹಾಯೋಜನೆ ಎರಡನೆಯ 'ಆಮೇಲೆ'ಗೇ ಉಸಿರು ಬಿಟ್ಟಿತು. ನಮ್ಮ ಜೊತೆ ಕಲಿಯುತ್ತಿದ್ದ ಸುಶೀಲಾ ಮಾತ್ರ ಬಿಡುವವಳಲ್ಲ. ಅವಳು ಚೆಂಬೂರಿನವಳು, ಉಡುಪಿ ಕಡೆಯವಳು, ಅಪ್ಪ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ದಿನವೂ ಲೋಕಲ್ ರೈಲು ಬದಲಿಸಿ ಬದಲಿಸಿ ಬೊರಿವಲಿಗೆ ಬರುತ್ತಿದ್ದಳು. ಅಲ್ಲಿ ಹೊಸ ಬಿಲ್ಡಿಂಗುಗಳ ಹಿಂದೆ ಕಲಬುರಗಿ ಕಡೆಯಿಂದ ಬಂದವರ ಗುಡಿಸಲುಗಳಿದ್ದವು. ಗಂಡಸರು ಗೌಂಡಿ ಕೆಲಸಕ್ಕೆ, ಹೆಂಗಸರು ಆ ಬಿಲ್ಡಿಂಗುಗಳ ಮನೆಗೆಲಸಕ್ಕೆ ಹೋಗುತ್ತಿದ್ದರು.

ಗುಡಿಸಲುಗಳ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ಸುಶೀಲಾ ಸಂಜೆ ಪಾಠ ಶುರುಮಾಡಿದಳು, ಒಬ್ಬಳೂ ಬರಲಿಲ್ಲ. ಅವಳಿಗೆ ನೆರವಾಗಲೆಂದು ಬೋರ್ಡಿಗೆ ಮೊಳೆ ಹೊಡೆಯಲು ಹೋದ ನನ್ನ ಹೆಬ್ಬೆರಳು ಊದಿದ್ದೊಂದೇ ಲಾಭ. ಆಮೇಲೆ ಅವಳು ಮನೆಮನೆಗೆ ಹೋಗಿ ಕೇಳಿದಳು. ಮಹಾದೇವಿ ಎಂಬಾಕೆ ಮಗಳು ರೇಣುಕಾಳನ್ನು ತೋರಿಸಿ, "ಇಕಿ ಸಾಲಿಗಿ ಹೋದ್ರ ಈ ಕೂಸಿನ್ನ ಯಾರು ನೋಡ್ತಾರ್ರಿ ಅಕ್ಕೋರೆ?" ಎಂದಳು. ರೇಣುಕಾಳ ಸೊಂಟದ ಮೇಲೆ ತಮ್ಮ ಕೂತಿದ್ದ. ಅಂಗಳದಲ್ಲಿ ಇನ್ನಷ್ಟು ಹುಡುಗಿಯರು, ಎಲ್ಲರ ಸೊಂಟದ ಮೇಲೂ ಒಂದೊಂದು ಕೂಸು.

ಹಾಗೆ ಹುಟ್ಟಿದ್ದು ಬಾಲವಾಡಿ. ತಗಡಿನ ಕೋಣೆ, ಹಳೆ ಸೀರೆಯ ಜೋಲಿಗಳು, ಒಂದು ಸೀಮೆಎಣ್ಣೆ ಸ್ಟೌ, ಕೂಸುಗಳನ್ನು ನೋಡಿಕೊಳ್ಳಲು ಬಸ್ತಿಯದೇ ಒಬ್ಬ ಅಜ್ಜಿ. ಹಾಲು ಕಾಯಿಸುವ ಪಾಳಿ ಕೆಲವೊಮ್ಮೆ ನನ್ನದು, ತಳ ಹತ್ತುತ್ತಿದ್ದದ್ದು ಯಾಕೆಂದು ಹೇಳಬೇಕಿಲ್ಲ. ಕೋಣೆ ಕೂಸುಗಳಿಂದ ತುಂಬಿತು. ಹುಡುಗಿಯರು ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಮುನ್ಸಿಪಾಲ್ಟಿ ಶಾಲೆಗೆ ಹೊರಟರು. ಕಮಲಾ ಮೇಡಂ ಬಂದು ನೋಡಿದರು, ಒಂದು ಕೂಸನ್ನು ಎತ್ತಿಕೊಂಡರು, "ಚೆನ್ನಾಗಿದೆ. ಆಮೇಲೆ?" ಎಂದರು. ಈ ಹೆಂಗಸಿಗೆ ಸಂತೋಷಪಡಲಿಕ್ಕೇ ಬರುವುದಿಲ್ಲ ಎಂದುಕೊಂಡೆವು.

ಸುಶೀಲಾಳ ಚಿಕ್ಕಮ್ಮ ಹತ್ತಿರದ ಬಿಲ್ಡಿಂಗಿನಲ್ಲೇ ಇದ್ದರು. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಅಲ್ಲಿಗೆ ಹೋದೆವು. ಬಾಗಿಲು ತೆರೆದವಳು ರೇಣುಕಾ. ಮೊಣಕೈವರೆಗೂ ಪಾತ್ರೆ ತೊಳೆಯುವ ನೊರೆ. "ಅಕ್ಕಾ, ಬರ್ರಿ!" ಎಂದು ನಕ್ಕಳು. ಒಳಗೆ ಮಹಾದೇವಿ ನೆಲ ಒರೆಸುತ್ತಿದ್ದಳು.

"ಈಗ ತಾಯಿ ಮಗಳು ಇಬ್ರೂ ಬರ್ತಾರೆ. ಕೆಲಸ ಎಷ್ಟು ಬೇಗ ಮುಗೀತದೆ ಗೊತ್ತುಂಟಾ?" ಎಂದರು ಚಿಕ್ಕಮ್ಮ.

ಸುಶೀಲಾ ಚಹಾ ಮುಟ್ಟಲಿಲ್ಲ. ಮೆಟ್ಟಿಲಿಳಿಯುವಾಗ, "ಕೂಸಿನ ಕೆಲಸ ತಪ್ಪಿಸಿ ಪಾತ್ರೆ ಕೆಲಸಕ್ಕೆ ಹಚ್ಚಿದ್ದು ನಾನೇ ಮಾರಾಯ್ರೆ" ಎಂದಳು. ಶಾಲೆಗೆ ಹೋಗಿ ವಿಚಾರಿಸಿದೆವು. ಹೆಚ್ಚಿನ ಹುಡುಗಿಯರು ಆಗಲೇ ಬಿಟ್ಟಾಗಿತ್ತು.

ಮರುದಿನ ತರಗತಿಯಲ್ಲಿ ಅವಳು ಬಾಲವಾಡಿ ಮುಚ್ಚುತ್ತೇನೆ ಎಂದಳು. ಅಕ್ಕ ಶಾಲೆಗೆ ಹೋದರಷ್ಟೇ ಕೂಸಿಗೆ ಜಾಗ ಎಂದು ನಿಯಮ ಮಾಡು ಎಂದು ಯಾರೋ ಹೇಳಿದರು. ನಮಗೆಲ್ಲ ಅದು ಬಹಳ ಸರಿ ಕಂಡಿತು. ಮೇಡಂ, "ಈ ನಿಯಮಕ್ಕೆ ನನ್ನ ಒಪ್ಪಿಗೆಯಿಲ್ಲ. ಆದರೆ ಬಸ್ತಿಗೆ ಹೋಗುವವಳು ನೀನು" ಎಂದರು.

ನಿಯಮ ಹೇಳಿದ ಮರುದಿನ ಜೋಲಿಗಳೆಲ್ಲ ಖಾಲಿ. ಮಹಾದೇವಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಬಾಗಿಲಲ್ಲೇ ನಿಂತಳು.

"ನಂಗೇನು ಮಗಳು ಓದೋದು ಬ್ಯಾಡಾಗ್ಯಾದೇನ್ರಿ? ಮೊದ್ಲ ಹುಡುಗ್ಯಾರೆಲ್ಲ ಕೂಸು ಎತ್ಕೊಂಡು ಒಂದೇ ಕಡಿ ಕುಂದರ್ತಿದ್ರು. ಒಬ್ರಿಗೊಬ್ರು ಇರ್ತಿದ್ರು. ಈಗ ಕೂಸೆಲ್ಲ ನಿಮ್ಮ ಹಂತ್ಯಾಕ ಬಂದಾವ. ಸಾಲಿ ಮಧ್ಯಾಹ್ನಕ್ಕ ಬಿಡ್ತದ, ನಾ ಬರೋದು ಕತ್ತಲಾದ ಮ್ಯಾಲ. ಅಲ್ಲೀತನ ಬೆಳದ ಹುಡುಗಿ ಗುಡಿಸಲ್ದಾಗ ಒಬ್ಬಾಕೇ ಇರ್ಬೇಕೇನು? ಅದಕ್ಕ ಸಂಗಾಟ ಕರ್ಕೊಂಡು ಹೋಗ್ತೀನಿ."

ಸುಶೀಲಾ ಕೈಚಾಚಿದಳು. ಮಹಾದೇವಿ ಅವಳ ಮುಖ ನೋಡಿ, ಕೂಸನ್ನು ಕೊಟ್ಟಳು.

"ಶಾಲೆ ಬಿಟ್ಟ ಕೂಡಲೇ ರೇಣುಕಾ ಇಲ್ಲಿಗೇ ಬರಲಿ. ನೀನು ಬರುವವರೆಗೆ ನಾನಿರ್ತೇನೆ."

"ಅಕಿ ಒಬ್ಬಾಕೇ?"

"ಎಲ್ರೂ."

ಎಲ್ಲರೂ ಬಂದರೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ತಿಯ ಗೌಂಡಿಗಳೇ ಒಂದು ಭಾನುವಾರ ಹಿಂದಿನ ತಗಡು ಬಿಚ್ಚಿ ಇನ್ನೊಂದು ಕೋಣೆ ಎಬ್ಬಿಸಿದರು. ಇಟ್ಟಿಗೆ ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಹುಡುಗಿಯರು ಮರಳಿ ಬರಲೇ ಇಲ್ಲ. ಒಬ್ಬಳಿಗೆ ಊರಿನಲ್ಲಿ ಮದುವೆ ಮಾಡಿಬಿಟ್ಟರು. ರೇಣುಕಾ ಏಳನೆಯ ತರಗತಿಯವರೆಗೆ ಹೋದಳು. ಅಷ್ಟರಲ್ಲಿ ನಮ್ಮ ತರಬೇತಿ ಮುಗಿದು, ನನಗೆ ವಿಕ್ರೋಳಿಯ ಫ್ಯಾಕ್ಟರಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕುರ್ಚಿ ಸಿಕ್ಕಿತ್ತು. ಸುಶೀಲಾ, ಮುನ್ಸಿಪಾಲ್ಟಿಯವರು ಗುಡಿಸಲುಗಳನ್ನು ಕೆಡವಿ ಜನ ದಿಕ್ಕಾಪಾಲಾಗುವವರೆಗೂ ಅಲ್ಲೇ ಇದ್ದಳು. ಆಮೇಲೆ ಅವರು ಹೋದ ಕಡೆಗೇ ಹೋದಳೆಂದು ಕೇಳಿದೆ. ನಾನು ಹುಡುಕಿಕೊಂಡು ಹೋಗಲಿಲ್ಲ. ನನ್ನದು ಆ ಜಾತಿಯ ಉತ್ಸಾಹವಲ್ಲ.

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಹೊರಬಂದಾಗ ಗೇಟಿನ ಬಳಿ ಹತ್ತು ಹನ್ನೊಂದರ ಹುಡುಗಿಯೊಬ್ಬಳು ನಿಂತಿದ್ದಳು. ಯಾರದೋ ಮನೆಯ ಮಗುವನ್ನು ಕರೆದೊಯ್ಯಲು ಬಂದವಳು. ವಾರಗಳಿಂದ ಅವಳನ್ನು ನೋಡುತ್ತಲೇ ಇದ್ದೆ, ಪಾಪ ಎಂದುಕೊಳ್ಳುತ್ತಲೂ ಇದ್ದೆ. ಅಂದು ಹತ್ತಿರ ಹೋಗಿ, ಶಾಲೆಗೆ ಯಾವಾಗ ಹೋಗುತ್ತೀ ಎಂದು ಹಿಂದಿಯಲ್ಲಿ ಕೇಳಿದೆ.

"ಜಾತೀ ಥೀ" ಎಂದಳು. ಹೋಗುತ್ತಿದ್ದೆ.

ಯಾಕೆ ಬಿಟ್ಟೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಬಾಗಿಲಲ್ಲಿ ನಿಂತಿದ್ದ ಮಹಾದೇವಿ ನೆನಪಾಗಿ ನುಂಗಿದೆ. ಮನೆ ಎಲ್ಲಿ, ಅಮ್ಮ ಕೆಲಸದಿಂದ ಬರುವುದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೊಮ್ಮಗಳು ಮನೆಗೆ ಹೋಗೋಣವೆಂದು ಕೈ ಜಗ್ಗುತ್ತಿದ್ದಳು. ನಾನು ಅಲ್ಲೇ ನಿಂತು ಉತ್ತರಕ್ಕೆ ಕಾದೆ.