ಉಡಚವ್ವ ಒಪ್ಪಿದ ಉಣ್ಣೆ

ಹಿರೇವಡ್ಡಟ್ಟಿಯ ಕುರುಬರ ಓಣಿಯಲ್ಲಿ ಉಣ್ಣೆಯ ವಿಷಯಕ್ಕೆ ಉಡಚವ್ವ ಹೇಳಿದ್ದೇ ಕೊನೆಯ ಮಾತು. ಗಂಡ ಗಾಳೆಪ್ಪ ಕಂಬಳಿ ನೇಯುತ್ತಿದ್ದ, ಮಗ ಹನಮಪ್ಪ ನೂಲಿಗೆ ಹುಣಸೆಬೀಜದ ಸರಿ ಹಚ್ಚುತ್ತಿದ್ದ. ಆದರೆ ಯಾವ ಉಣ್ಣೆ ಮಗ್ಗಕ್ಕೆ ಹೋಗಬೇಕೆಂದು ಹೇಳುವವಳು ಅವಳೊಬ್ಬಳೇ. ಅಂಗಳದಲ್ಲಿ ಕಾಲು ಚಾಚಿ ಕೂತು ಹಿಡಿ ಉಣ್ಣೆ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಮರಿಯ ಮೊದಲ ಉಣ್ಣೆ ಮೆತ್ತಗೆ, ಅದು ಬಾಣಂತಿಯರ ಕಂಬಳಿಗೆ. ಬೆನ್ನು, ಭುಜದ್ದು ಉದ್ದ ಎಳೆಯದು, ಹೊದೆಯುವುದಕ್ಕೆ. ಹೊಟ್ಟೆ, ಕಾಲಿನದು ಒರಟು, ಮೈಗೆ ಚುಚ್ಚುತ್ತದೆ. ಹಾಸುವುದಕ್ಕೆ, ಹಗ್ಗಕ್ಕೆ ಆಯಿತು. ಸತ್ತ ಕುರಿಯದಕ್ಕೆ ಮಾತ್ರ ಜಾಗವೇ ಇಲ್ಲ. ಜಿಡ್ಡು ಆರಿಹೋಗಿ, ಎಳೆದರೆ ಪಟ್ಟನೆ ಹರಿಯುವ ಅದನ್ನು ಬೀದಿಗೆ ಎಸೆಯುತ್ತಿದ್ದಳು. ಅಂಥದ್ದು ಮನೆಯೊಳಗೆ ಬರಬಾರದೆಂದು ಅವಳ ಅವ್ವ ಕಲಿಸಿದ್ದಳು. ಯಾಕೆಂದು ಅವ್ವ ಹೇಳಲಿಲ್ಲ, ಇವಳು ಕೇಳಲಿಲ್ಲ. ಕಂಬಳಿ ಬಾಳಿಕೆ ಬರುವುದಿಲ್ಲ, ಅಷ್ಟೇ ಎಂದುಕೊಂಡಿದ್ದಳು.

ನಾಲಗೆ ಬಲು ಖಾರ. ಕೆಟ್ಟ ಉಣ್ಣೆ ತಂದವರ ನೀರಿಳಿಸಿ ಕಳಿಸುತ್ತಿದ್ದಳು. ತವರಿನ ಹೆಸರೆತ್ತಿದರೆ ಮಾತ್ರ ಕರಗಿಹೋಗುತ್ತಿದ್ದಳು. ಎಡವಿದ್ದು ಅಲ್ಲಿಯೇ.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ನಿಜಾಮನ ಸೀಮೆಯಿಂದ ರಜಾಕಾರರ ಕಾಟಕ್ಕೆ ಓಡಿಬಂದ ಜನ ಮುಂಡರಗಿ ಕಡೆಯ ಶಿಬಿರಗಳಲ್ಲಿ ನಡುಗುತ್ತಿದ್ದರು. ಅವರಿಗೆ ಜಲ್ದಿ ಕಂಬಳಿ ಬೇಕೆಂದು ವ್ಯಾಪಾರಿ ಉಳವಪ್ಪ ಗಾಳೆಪ್ಪನಿಗೆ ಹೇಳಿಹೋದ. ಮನೆಯಲ್ಲಿದ್ದ ಉಣ್ಣೆ ಸಾಲದು. ಆಗ ಬಂದವನು ಉಡಚವ್ವನ ತಮ್ಮ ಹೊಳೆಯಪ್ಪ, ಹೆಗಲ ಮೇಲೊಂದು ಹೇರು ಹೊತ್ತುಕೊಂಡು.

“ಕುರಿ ಎಲ್ಲಾ ಹೋದೂ ಅಕ್ಕಾ. ಮೂಗಿನ್ಯಾಗ ಕರೀ ರಕ್ತ ಸುರಿಸಿಕೋತ ನಿಂತ ನಿಂತಲ್ಲೇ ಬಿದ್ದೂ. ಇದು ಬ್ಯಾನಿ ಬರೂ ಮೊದಲ ಕತ್ತರಿಸಿದ ಉಣ್ಣಿ. ಇದನ್ನ ತಗೊಂಡ್ರ ಒಂದೆರಡು ಮರಿ ಹಿಡೀತೀನಿ. ಇಲ್ಲಂದ್ರ ಕೂಲಿಗೆ ಹೋಗೂದು.”

ಉಡಚವ್ವ ಒಂದು ಹಿಡಿ ಎತ್ತಿ ಕೆನ್ನೆಗಿಟ್ಟಳು. ಜಿಡ್ಡಿಲ್ಲ. ತಮ್ಮ ಸುಳ್ಳು ಹೇಳುತ್ತಿದ್ದಾನೆ. ತಲೆಯೆತ್ತಿ ಅವನ ಮುಖ ನೋಡಿದಳು. ಕುರಿಯಿಲ್ಲದ ಕುರುಬನ ಮುಖ ಅದು, ನೋಡಲಾಗಲಿಲ್ಲ.

“ಹೆಂಗೈತಿ?” ಗಾಳೆಪ್ಪ ಮಗ್ಗದ ಕುಣಿಯಿಂದಲೇ ಕೇಳಿದ.

“ಚಲೋ ಐತಿ. ಬೆನ್ನಿಂದು,” ಎಂದಳು.

ಅವಳು ಒಪ್ಪಿದ ಮೇಲೆ ಮತ್ತೆ ಪರೀಕ್ಷಿಸುವವರು ಯಾರು? ಉಣ್ಣೆ ಹಿಂಜುವ ಕೆಲಸ ಸೊಸೆಯದು, ಹನಮಪ್ಪನ ಹೆಂಡತಿ ಹುಚ್ಚವ್ವನದು. ಗಾಳಿಗೆ ಹಾರಬಾರದೆಂದು ಕೋಣೆಯ ಬಾಗಿಲು ಹಾಕಿಕೊಂಡು ಹಿಂಜುವ ಬಿಲ್ಲು ಮೀಟುತ್ತಿದ್ದಳು. ಒಳಗೆಲ್ಲ ಧೂಳು.

“ಅತ್ತಿ, ಇದು ಒಂಥರಾ ನಾರತೈತಲ್ರಿ?”

“ಮಳ್ಯಾಗ ನೆನದ ವಾಸನಿ ಅದು. ಹಿಂಜವ್ವಾ.”

ಹುಡುಗಿ ಹಿಂಜಿದಳು. ಅತ್ತೆಯ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಹಿಂಜಿದಷ್ಟನ್ನು ನೂತು ನೇಯುತ್ತಾ ಬಂದರು. ಕಂಬಳಿ ಒಂದರ ಮೇಲೊಂದು ಏರಿದವು. ಕೊನೆಯದು ಮಗ್ಗದಿಂದ ಇಳಿಯುವ ಹೊತ್ತಿಗೆ ಹುಚ್ಚವ್ವನಿಗೆ ಜ್ವರ ಬಂತು, ಎದೆ ಕಟ್ಟಿತು, ಉಸಿರಿಗೆ ಒದ್ದಾಡಿ ಹೋಗಿಬಿಟ್ಟಳು. ಥಂಡಿ ಬಡಿಯಿತು ಎಂದಿತು ಓಣಿ. ಹೆಣಕ್ಕೆ ನೀರು ಹಾಕುವಾಗ ಉಡಚವ್ವ ಸೊಸೆಯ ಮೊಣಕೈ ಬಳಿ ಒಂದು ಹುಣ್ಣು ಕಂಡಳು. ಕೀವಿಲ್ಲ, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ.

ಮಣ್ಣು ಮಾಡಿದ ಮೂರನೆಯ ದಿನಕ್ಕೆ ಹೊಳೆಯಪ್ಪ ಬಂದ. ಅತ್ತು ಕಣ್ಣೊರೆಸಿಕೊಂಡ ಅವನ ಮುಂಗೈ ಮೇಲೂ ಅಂಥದ್ದೇ ಕಪ್ಪು ಕಲೆ, ಮಾಯುತ್ತಿತ್ತು.

“ಇದೇನೋ?”

“ಸತ್ತ ಕುರಿ ಸುಲಿಯೂ ಮುಂದ ಎದ್ದಿದ್ದು, ಅಕ್ಕಾ. ನಮ್ಮ ಹಟ್ಟ್ಯಾಗ ಸುಲಿದವರಿಗೆಲ್ಲಾ ಎದ್ದಿತ್ತು.”

 ಅವ್ವ ಹೇಳದೆ ಬಿಟ್ಟ ಕಾರಣ ಉಡಚವ್ವನಿಗೆ ಈಗ ಗೊತ್ತಾಯಿತು: ಕುರಿಯನ್ನು ಕೊಂದ ಬೇನೆ ಉಣ್ಣೆಯಲ್ಲೇ ಕೂತು ಮನೆಯೊಳಗೆ ಬರುತ್ತದೆ. ಹೊರಗೆ ಉಳವಪ್ಪನ ಚಕ್ಕಡಿ ಬಂದು ನಿಂತಿತ್ತು, ಹನಮಪ್ಪ ಕಂಬಳಿ ಹೇರುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ತಮ್ಮನ ಮಾನ ಉಳಿಯುತ್ತಿತ್ತು, ಮಗ ಅವಳಿಗೆ ಮಗನಾಗಿಯೇ ಇರುತ್ತಿದ್ದ. ಆದರೆ ಶಿಬಿರದ ಕೂಸುಗಳು ಆ ಕಂಬಳಿಗಳನ್ನು ಹೊದ್ದುಕೊಳ್ಳುತ್ತಿದ್ದವು. ಹೇಳಿದ್ದಕ್ಕಾಗಿ ಅವಳನ್ನು ಹೊಗಳಬೇಕೆಂದು ನನಗನ್ನಿಸುವುದಿಲ್ಲ. ಹೇಳಬೇಕಾದ ದಿನ ಕಳೆದುಹೋಗಿತ್ತು. ಆದರೂ ಹೊರಗೆ ಹೋದಳು.

“ಇಳಸೋ ಹನಮಾ. ಅದು ಸತ್ತ ಕುರಿ ಉಣ್ಣಿ. ಹುಚ್ಚವ್ವನ್ನ ತಿಂದಿದ್ದು ಅದ.”

ಹನಮಪ್ಪ ಕೈಯಲ್ಲಿದ್ದ ಕಂಬಳಿ ಕೆಳಗಿಟ್ಟ. “ನಿನಗ ಗೊತ್ತಿತ್ತೇನಬೇ?”

“ಗೊತ್ತಿತ್ತು.”

ಹೇರಿದ್ದನ್ನೆಲ್ಲ ಅವನು ಇಳಿಸಿದ. ಎಲ್ಲವನ್ನೂ ಊರ ಹೊರಗೆ ಒಯ್ದು ಸುಟ್ಟ. ಉಳವಪ್ಪ ಬರಿಯ ಚಕ್ಕಡಿ ಹೊಡೆದುಕೊಂಡು ಹೋದ. ಶಿಬಿರದ ಜನ ಆ ಚಳಿ ಹೇಗೆ ಕಳೆದರೋ. ಹೊಳೆಯಪ್ಪ ಯಾವಾಗ ಎದ್ದು ಹೋದನೆಂದು ಯಾರೂ ನೋಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹನಮಪ್ಪ ಬೆಟಗೇರಿಯ ಹತ್ತಿ ಗಿರಣಿಗೆ ಸೇರಿದ. ತಂದೆ ಸತ್ತಾಗ ಬಂದು ಮಣ್ಣು ಹಾಕಿ ಹೋದ, ತಾಯಿಯೊಂದಿಗೆ ಮಾತಾಡಲಿಲ್ಲ. ಓಣಿಯವರು ಉಣ್ಣೆ ತಂದರೆ ಉಡಚವ್ವ ಒಳಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದಳು.

ಕನ್ನಡ ನಾಡು ಒಂದಾಯಿತೆಂದು ಊರಲ್ಲಿ ಸಕ್ಕರೆ ಹಂಚಿದ ವರ್ಷ ಹೊಳೆಯಪ್ಪ ಹೆದರುತ್ತಲೇ ಬಂದ. ಮತ್ತೆ ಕುರಿ ಮಾಡಿಕೊಂಡಿದ್ದ. ಮರಿಗಳ ಮೊದಲ ಉಣ್ಣೆಯನ್ನು ಅಕ್ಕನ ಮುಂದೆ ಸುರಿದ.

ಉಡಚವ್ವ ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಅಂಥ ಉಣ್ಣೆ ಅವಳೂ ಅಪರೂಪಕ್ಕೆ ಕಂಡಿದ್ದಳು.

“ಚಲೋ ಐತೋ ತಮ್ಮಾ,” ಎಂದಳು. “ಒಯ್ಯಿ. ಈ ಮನ್ಯಾಗ ಹಿಂಜೂವರು ಯಾರೂ ಇಲ್ಲ.”