ನಾಲಿಗೆಯಪ್ಪ ಮತ್ತು ನಿಲ್ಲದ ಕೈ

ನಮ್ಮ ಕಾರ್ಖಾನೆಯಲ್ಲಿ ಎಂಟುನೂರು ಜನ ಕೈಕಾಲು ಆಡಿಸಿ ದುಡಿಯುತ್ತಿದ್ದೆವು. ನಾಲಿಗೆ ಆಡಿಸಿ ದುಡಿಯುತ್ತಿದ್ದವನು ಒಬ್ಬನೇ. ಮ್ಯಾನೇಜರನ ವಿಷಯ ಹೇಳುತ್ತಿಲ್ಲ, ರುಚಿ ನೋಡುವವನ ವಿಷಯ. ಹೆತ್ತವರು ಅವನಿಗಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಧೂಳು ತಿನ್ನುತ್ತಿತ್ತು. ನಮಗೆಲ್ಲ ಅವನು ನಾಲಿಗೆಯಪ್ಪ.

ನಲ್ಲಿ ನೀರು ಒಂದು ಗುಟುಕು ಕುಡಿದರೆ ಸಾಕು, ಮೇಲಿನ ಟ್ಯಾಂಕಿನಲ್ಲಿ ಕಾಗೆ ಸ್ನಾನ ಮಾಡಿದ್ದು ಸೋಮವಾರವೋ ಮಂಗಳವಾರವೋ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಗೇಟಿನ ಹೊರಗೆ ನಿಂತು ಗಾಳಿಗೆ ನಾಲಿಗೆ ಚಾಚಿ, ಮೂರು ಬೀದಿಗಳಲ್ಲಿ ಯಾರ ಮನೆಯ ಒಲೆಯ ಮೇಲೆ ಉಪ್ಪು ಹೆಚ್ಚಾಗಿದೆ ಎಂದು ಪಟ್ಟಿ ಹೇಳಿದ. ನಾನು ಮನೆಮನೆಗೆ ಹೋಗಿ ವಿಚಾರಿಸಿದೆ. ಎರಡೂವರೆ ಬೀದಿ ಸರಿಯಾಗಿತ್ತು. ಉಳಿದರ್ಧ ಬೀದಿಯವರು ಪಾತ್ರೆಗೆ ಮುಚ್ಚಳ ಹಾಕಿದ್ದರಂತೆ. ಪಾಪ, ಅದಕ್ಕೆ ಅವನೇನು ಮಾಡಿಯಾನು?

ಕಾರ್ಖಾನೆ ಪೊಟ್ಟಣದ ಕುರುಕಲು ತಿಂಡಿಯದು. ಹಿಟ್ಟು ಒಂದು ಕಡೆಯಿಂದ ಒಳಗೆ ಹೋಗಿ, ಉಬ್ಬಿ, ಎಣ್ಣೆಯಲ್ಲಿ ಮುಳುಗಿ ಎದ್ದು, ದೊಡ್ಡ ಉರುಳೆಯೊಳಗೆ ಹೊರಳಾಡಿ ಪುಡಿ ಬಳಿದುಕೊಂಡು ಪ್ಯಾಕಿಂಗಿಗೆ, ಅಂದರೆ ನನ್ನ ಮುಂದಕ್ಕೆ, ಬರುತ್ತಿತ್ತು. ಪುಡಿ ಬಳಿಯದ ಸರಕನ್ನು ನಾನು ತಿಂದು ನೋಡಿದ್ದೇನೆ. ಅದಕ್ಕಿಂತ ರಟ್ಟಿನ ಪೆಟ್ಟಿಗೆ ವಾಸಿ, ಅಂಟಿನ ರುಚಿಯಾದರೂ ಇರುತ್ತದೆ. ಜೀವವೆಲ್ಲ ಪುಡಿಯಲ್ಲಿ. ಸಾಲಾಗಿ ನಲವತ್ತಾರು ಡಬ್ಬಿ. ಒಂದರಲ್ಲಿ ಟೊಮೇಟೊ ಕಾಣದ ಟೊಮೇಟೊ, ಇನ್ನೊಂದರಲ್ಲಿ ಹಸುವಿನ ಮುಖ ನೋಡದ ಬೆಣ್ಣೆ. ಯಾವುದು ಎಷ್ಟು ಚಿಟಿಕೆ ಎನ್ನುವುದು ನಾಲಿಗೆಯಪ್ಪನ ತೀರ್ಮಾನ.

ಅವನ ಕೋಣೆಗೆ ಕಿಟಕಿಯಿಲ್ಲ. ಬಿಳಿ ಟೈಲ್ಸ್, ಒಂದು ಕುರ್ಚಿ, ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರು, ಉಗಿಯಲು ಸ್ಟೀಲ್ ಬೇಸಿನ್ನು. ಹದಿನೇಳು ಸಲ ಅಗಿದು ಉಗಿಯಬೇಕು, ನುಂಗುವಂತಿಲ್ಲ. ಮೂವತ್ತು ವರ್ಷ ಊರಿಗೆಲ್ಲ ತಿನ್ನಿಸಿದ ಮನುಷ್ಯ ತಾನು ಒಂದು ತುಂಡೂ ನುಂಗಲಿಲ್ಲ. ಫ್ಯಾನ್ ಹಾಕಿದರೆ ಹಾರಿಹೋದಾನು ಎಂದು ನಾವು ಅವನ ಜೇಬಿಗೆ ತಿರುಪು ನಟ್ಟು ಹಾಕಿ ಕಳಿಸುತ್ತಿದ್ದೆವು.

ಆದರೆ ಅವನಿಗೆ ಹೆಸರು ತಂದದ್ದು ನಾಲಿಗೆಯಲ್ಲ, ಕೈ ಪರೀಕ್ಷೆ. ಅದು ಅವನೇ ಕಂಡುಹಿಡಿದದ್ದು. ತಿನ್ನುವವರ ಮುಂದೆ ಬಟ್ಟಲಿಟ್ಟು ಮಾತಿಗೆ ಎಳೆಯಬೇಕು. ಅವರು 'ಸಾಕಪ್ಪ' ಎಂದು ಬಟ್ಟಲು ದೂರ ತಳ್ಳುತ್ತಾರಲ್ಲ, ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ಸಾಕೆಂದ ಮೇಲೆ ಕೈ ತಾನಾಗಿ ಎಷ್ಟು ಸಲ ಬಟ್ಟಲಿಗೆ ಬಂತು? ಹನ್ನೊಂದು ದಾಟಿದರೆ ಆ ಪುಡಿ ಪಾಸು.

"ಬಾಯಲ್ಲಿ ಬೇಗ ಕರಗಬೇಕು ಕಣಯ್ಯ," ಎಂದು ನನಗೊಮ್ಮೆ ಗುಟ್ಟು ಹೇಳಿದ್ದ. "ಕರಗಿದ್ರೆ ಹೊಟ್ಟೆಗೆ ಸುದ್ದಿನೇ ಮುಟ್ಟಲ್ಲ. ಕಾವಲುಗಾರ ನಿದ್ದೆ ಹೊಡೀತಿರ್ತಾನೆ, ಲಾರಿಗಟ್ಟಲೆ ಸರಕು ಒಳಗೆ."

ಕಾರ್ಖಾನೆಯಲ್ಲಿ ಈ ಪರೀಕ್ಷೆಗೆ ಕೂರಿಸಿದವರಿಗೆ ಯಾರೋ ನೋಡುತ್ತಿದ್ದಾರೆಂಬ ಸಂಕೋಚ. ಕೈ ನಾಚಿಕೊಳ್ಳುತ್ತಿತ್ತು. ತನ್ನನ್ನು ಎಣಿಸುತ್ತಿದ್ದಾರೆಂದು ಗೊತ್ತಿಲ್ಲದ ಕೈ ಬೇಕಿತ್ತು. ಅಂಥದ್ದೊಂದು ಅವನ ಮನೆಯಲ್ಲೇ ಇತ್ತು.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಮಾತು ಶುರು ಮಾಡಿದರೆ ಗೋಡೆಯ ಮೇಲಿನ ಹಲ್ಲಿಯೂ ಹೂಂಗುಟ್ಟಬೇಕು. ದಿನಾ ಸಂಜೆ ಆರಕ್ಕೆ ಸೋಫಾದ ಮೇಲೆ ಗಂಡ ಈ ಕಡೆ, ಹೆಂಡತಿ ಆ ಕಡೆ, ನಡುವೆ ಬಟ್ಟಲು. ಅವನು ಎಡ ಜೇಬಿನಲ್ಲಿ ಬೆಂಕಿಕಡ್ಡಿ ತುಂಬಿಕೊಂಡು ಕೂರುತ್ತಿದ್ದ. ಅತ್ತಿಗೆ ಸಾಕೆಂದ ಮೇಲೆ ಕೈ ಬಟ್ಟಲಿಗೆ ಬಂದಾಗಲೆಲ್ಲ ಒಂದು ಕಡ್ಡಿ ಎಡ ಜೇಬಿನಿಂದ ಬಲ ಜೇಬಿಗೆ. ಬೀಡಿ ಬಿಟ್ಟ ಮೇಲೆ ಬಂದ ಚಾಳಿ ಎಂದು ಅತ್ತಿಗೆ ತಿಳಿದಿದ್ದರು. ಬೆಳಿಗ್ಗೆ ಅವನು ಬಲ ಜೇಬು ಎಣಿಸಿ, ಕಾರ್ಖಾನೆಗೆ ಬಂದು, 'ಹದಿನೆಂಟು' ಎಂದರೆ ಮ್ಯಾನೇಜರ್ ಕುಣಿಯುತ್ತಿದ್ದ. ದೇಶದ ಅಂಗಡಿಗಳಲ್ಲೆಲ್ಲ ನೇತಾಡುವ ಪೊಟ್ಟಣ ಆ ಒಂದು ಕೈಯ ತಕ್ಕಡಿಯಲ್ಲಿ ತೂಗಿದ್ದು.

ಅತ್ತಿಗೆಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಬೇಳೆ, ಸೊಪ್ಪು, ಮೊಟ್ಟೆ ಎಲ್ಲ ಹಾಗೇ ಉಳಿಯುತ್ತಿತ್ತು. ಮೈ ಮಾತ್ರ ವರ್ಷ ವರ್ಷಕ್ಕೂ ಉಬ್ಬುತ್ತ ಹೋಯಿತು. ಮೂರು ಸಲ ಸೋಫಾ ಬದಲಾಯಿಸಿದರು. ಸೋಫಾ ಕುಗ್ಗುತ್ತಿದೆ ಎಂದು ಅಂಗಡಿಯವನ ಜೊತೆ ಅತ್ತಿಗೆ ಜಗಳವಾಡಿದಾಗ ಪಕ್ಕದ ಮನೆಯವನಾದ ನಾನೂ ಜೊತೆಗೆ ನಿಂತು ಹೌದೆಂದಿದ್ದೆ. ನಗುತ್ತಲೇ ಇದ್ದೆವು.

ನಗು ನಿಂತದ್ದು ಒಂದು ಬೆಳಿಗ್ಗೆ. ಅಡುಗೆಮನೆಯಿಂದ ಬಾಗಿಲವರೆಗೆ ನೆಲದ ಮೇಲೆ ಕೆಂಪು ಗುರುತು.

"ರೀ, ಕೆಂಪು ಮಣ್ಣು ತುಳಿದು ಒಳಗೆ ಬಂದ್ರಾ? ಈಗ ತಾನೆ ಒರೆಸಿದ್ನಲ್ಲ," ಎಂದರು ಅತ್ತಿಗೆ.

ಅವನು ತನ್ನ ಚಪ್ಪಲಿ ತಿರುಗಿಸಿ ನೋಡಿದ. ಏನೂ ಇರಲಿಲ್ಲ. ಆಮೇಲೆ ಹೆಂಡತಿಯ ಕಾಲು ನೋಡಿದ. ಬಲಗಾಲಿನ ಹೆಬ್ಬೆರಳ ಕೆಳಗೆ, ಹೊಸ ಚಪ್ಪಲಿ ಉಜ್ಜಿದ ಜಾಗದಲ್ಲಿ, ಕಾಸಿನಗಲದ ಗಾಯ ಬಾಯಿ ಬಿಟ್ಟಿತ್ತು. ಅತ್ತಿಗೆ ಅದೇ ಕಾಲಲ್ಲಿ ಇಡೀ ಮನೆ ಓಡಾಡಿದ್ದರು. ನೋವೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಕಾಲಿಗೆ ಸೂಜಿ ತಾಗಿಸ್ತೀನಮ್ಮ. ಗೊತ್ತಾದಾಗ ಹೂಂ ಅನ್ನಿ."

ಅತ್ತಿಗೆ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ಶುರು ಮಾಡಿ ಡಾಕ್ಟ್ರೇ, ನಾನೇನು ಹೆದರಲ್ಲ."

ಡಾಕ್ಟರಮ್ಮ ಆಗಲೇ ಎಂಟು ಸಲ ಚುಚ್ಚಿದ್ದರು. ಪಕ್ಕದಲ್ಲಿ ನಿಂತ ನಾಲಿಗೆಯಪ್ಪ ಒಂದೊಂದನ್ನೂ ಎಣಿಸಿದ್ದ.

ರಕ್ತದ ಚೀಟಿ ಬಂತು. ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದ ಸದ್ದಿಲ್ಲದೆ ಬಿಡಾರ ಹೂಡಿತ್ತು. "ತೂಕ ನೋಡಿದ್ರೆ ಇಬ್ಬರ ಹಾಗಿದೀರಿ, ರಕ್ತ ನೋಡಿದ್ರೆ ಅರ್ಧ ಜನ," ಎಂದರು ಡಾಕ್ಟರಮ್ಮ. "ಹೊಟ್ಟೆ ತುಂಬಿದೆ, ಮೈ ಉಪವಾಸ ಇದೆ. ಗಾಯ ಮಾಯೋದಕ್ಕೂ ಒಳಗೆ ಸಾಮಾನು ಬೇಕಲ್ಲಮ್ಮ? ಏನು ತಿಂತೀರಿ?"

"ಊಟನೇ ಸೇರಲ್ಲ. ಸಂಜೆ ಒಂಚೂರು ಕುರುಕಲು."

"ಒಂಚೂರು ಅಂದ್ರೆ?"

ಅತ್ತಿಗೆ ಗಂಡನ ಮುಖ ನೋಡಿದರು. ಭೂಮಿಯ ಮೇಲೆ ಆ ಪ್ರಶ್ನೆಗೆ ಸರಿಯಾದ ಅಂಕಿ ಹೇಳಬಲ್ಲವನು ಅವನೊಬ್ಬನೇ. ಹಿಂದಿನ ಸಂಜೆಯದು ಮೂವತ್ತೊಂದು. ಅವನು ಬಲ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

"ಹದಿನೈದು ದಿನ ನೋಡೋಣ," ಎಂದರು ಡಾಕ್ಟರಮ್ಮ. "ಮಾತ್ರೆ, ಡ್ರೆಸಿಂಗ್, ಮನೆ ಊಟ. ಕಾಲು ನೆಲಕ್ಕೆ ಊರಬಾರದು. ಗಾಯ ಮುಚ್ಚೋ ದಾರಿ ಹಿಡಿದ್ರೆ ಸರಿ. ಇಲ್ದಿದ್ರೆ ಬೆರಳು ತೆಗೀಬೇಕು. ಅಷ್ಟಕ್ಕೆ ನಿಲ್ಲದಿದ್ರೆ ಪಾದ."

ಮನೆಗೆ ಬಂದವನೇ ಬಟ್ಟಲು ತೊಳೆದು ಅಟ್ಟಕ್ಕೆ ಹಾಕಿದ. ಕಪಾಟಿನ ಪೊಟ್ಟಣಗಳನ್ನೆಲ್ಲ ಬಾಚಿ ಎಸೆದ. ಕೆಲಸಕ್ಕೆ ರಜೆ ಹಾಕಿದ. ಮ್ಯಾನೇಜರ್ ಫೋನ್ ಮಾಡಿ, "ನೀವು ಬರದಿದ್ರೂ ಪರವಾಗಿಲ್ಲ, ನಾಲಿಗೆ ಕಳಿಸಿಕೊಡಿ," ಎಂದನಂತೆ. ಹಿಂದೆಲ್ಲ ಇಂಥ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದವನು ಫೋನ್ ಇಟ್ಟುಬಿಟ್ಟ.

ಭಾನುವಾರ ಮಧ್ಯಾಹ್ನ ಅತ್ತಿಗೆ ಮಂಚದ ಮೇಲೆ ಮಲಗಿದ್ದರು. ಕಿಟಕಿಯ ಬಿಸಿಲು ಪಟ್ಟಿ ಕಟ್ಟಿದ ಕಾಲಿನ ಮೇಲೆ ಬಿದ್ದಿತ್ತು. ನಾಲಿಗೆಯಪ್ಪ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ. ಆಗ ಹೆಂಡತಿಯ ಬಲಗೈ ಮೆಲ್ಲಗೆ ಎದ್ದಿತು. ಪಕ್ಕದ ಖಾಲಿ ಸ್ಟೂಲಿನ ಮೇಲೆ ಹೋಯಿತು. ಮೂರು ಬೆರಳು ಸೇರಿ ಏನನ್ನೋ ಎತ್ತಿಕೊಂಡವು. ಅಲ್ಲಿ ಏನೂ ಇರಲಿಲ್ಲ. ಕೈ ಬಾಯಿಗೆ ಹೋಯಿತು. ಬಾಯಿ ಅಗಿಯಿತು. ಅತ್ತಿಗೆ ಗಾಢ ನಿದ್ದೆಯಲ್ಲಿದ್ದರು. ಸಣ್ಣಗೆ ಗೊರಕೆ ಬೇರೆ. ಕೈ ಮತ್ತೆ ಸ್ಟೂಲಿಗೆ ಹೋಯಿತು.

ದೆವ್ವದ ಕತೆಗಳನ್ನು ನಾನು ಬೇಕಾದಷ್ಟು ಹೊಸೆದಿದ್ದೇನೆ. ಹುಣಿಸೆಮರದಿಂದ ಇಳಿದ ದೆವ್ವಕ್ಕೆ ಚಹಾ ಕುಡಿಸಿ ಕಳಿಸಿದ ಜಂಬವೂ ನನಗಿದೆ. ಆದರೆ ಇದನ್ನು ನಾಲಿಗೆಯಪ್ಪ ನನ್ನ ಮುಂದೆ ಹೇಳಿದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಹನ್ನೊಂದರವರೆಗೆ ಎಣಿಸಿಬಿಟ್ಟೆ ಕಣಯ್ಯ," ಎಂದ ಅವನು. "ಬೇಡ ಬೇಡ ಅಂದ್ರೂ ಎಣಿಸಿದೆ. ಹನ್ನೊಂದಾದ ಮೇಲೆ ಅಲ್ಲಿರೋಕಾಗಲಿಲ್ಲ, ಹೋಗಿ ಅಡುಗೆಮನೆ ಬಾಗಿಲು ಹಾಕ್ಕೊಂಡೆ."

ಮರುದಿನ ಪಟ್ಟಿ ಬದಲಾಯಿಸುತ್ತ ಹೆಂಡತಿಗೆ ಎಲ್ಲ ಹೇಳಿಬಿಟ್ಟ. ಕಡ್ಡಿ, ಜೇಬು, ಹನ್ನೊಂದು, ಹದಿನೆಂಟು, ಮೂವತ್ತೊಂದು. ಬೈಗುಳಕ್ಕೆ ಮೈ ಬಗ್ಗಿಸಿ ಕೂತ.

"ಹಾಗಾದ್ರೆ ಇಷ್ಟು ವರ್ಷ ನನ್ನ ಮಾತು ಕೇಳಿಸ್ಕೋತಾ ಇರಲಿಲ್ಲ ನೀವು," ಎಂದರು ಅತ್ತಿಗೆ. "ದಿನಾ ಸಂಜೆ ಎಲ್ಲಾ ಬಿಟ್ಟು ನನ್ನ ಹತ್ರ ಬಂದು ಕೂತ್ಕೋತಾರೆ, ಎಂಥಾ ಗಂಡ ಅಂತ ನನ್ನ ತಂಗಿ ಹತ್ರ ಕೊಚ್ಚಿಕೊಂಡಿದ್ದೀನಿ. ಕಡ್ಡಿ ಎಣಿಸ್ತಾ ಇದ್ರಾ?"

"ಕೇಳ್ತಾನೂ ಇದ್ದೆ ಕಣೇ."

"ಸುಳ್ಳು. ನನ್ನ ಆಫೀಸಿನ ದೊಡ್ಡ ಮೇಡಂ ಮಗಳ ಮದುವೆ ಯಾಕೆ ಮುರೀತು, ಹೇಳಿ ನೋಡೋಣ?"

ಅವನಿಗೆ ಗೊತ್ತಿರಲಿಲ್ಲ. ಆ ಕತೆಯನ್ನು ಅತ್ತಿಗೆ ಕಡಿಮೆಯೆಂದರೂ ನಾನೂರು ಸಲ ಹೇಳಿದ್ದರು. ಅದು ಪಕ್ಕದ ಮನೆಯಲ್ಲಿದ್ದ ನನಗೇ ಬಾಯಿಪಾಠ.

ಅಡುಗೆ ಅವನದೇ ಆಯಿತು. ನಲವತ್ತಾರು ಪುಡಿ ಬಲ್ಲವನಿಗೆ ಬೇಳೆ ಬೇಯಿಸಲು ಬರುತ್ತಿರಲಿಲ್ಲ. ಅತ್ತಿಗೆ ಕುರ್ಚಿಯಿಂದಲೇ, ಟೆಲಿಫೋನಿನಲ್ಲಿ ಊರೂರಿಗೆ ಲೈನ್ ಕೊಡುತ್ತಿದ್ದ ಅದೇ ದನಿಯಲ್ಲಿ ಹೇಳಿಕೊಡುತ್ತಿದ್ದರು: "ನೀರು ಹಾಕಿ. ಸಾಕು. ಸಾಕು ಅಂದ್ನಲ್ಲ! ಈಗ ಅದರಲ್ಲಿ ಈಜಬಹುದು." ಬೆಂದ ಸೊಪ್ಪು ಬಾಯಿಗಿಟ್ಟು ಇಬ್ಬರೂ ಮುಖ ಮುಖ ನೋಡಿಕೊಂಡರು. ಒದ್ದೆ ಪೇಪರ್ ಜಗಿದ ಹಾಗೆ. ಹೆಂಡತಿಗೆ ಹಾಗನ್ನಿಸಿದ್ದು ಸರಿ. ಗಾಳಿಯಲ್ಲಿ ಉಪ್ಪು ಹಿಡಿಯುತ್ತಿದ್ದ ಅವನ ನಾಲಿಗೆಗೂ ಹಾಗೇ ಅನ್ನಿಸಿತು. ಬೇಳೆಗೆ ಬೇಳೆಯ ರುಚಿ, ಸೊಪ್ಪಿಗೆ ಸೊಪ್ಪಿನ ರುಚಿ ಅವನಿಗೆ ತಿಳಿಯದೆ ಎಷ್ಟು ವರ್ಷವಾಗಿತ್ತೋ! ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮೊದಲು ತಾನು ತಿಂದು ತೋರಿಸಬೇಕಿತ್ತು. ಹದಿನೇಳು ಸಲ ಅಗಿದು, ಉಗಿಯದೆ, ಕಣ್ಣು ಮುಚ್ಚಿ ನುಂಗಿದ.

ಒಂಬತ್ತನೇ ದಿನ ಡ್ರೆಸಿಂಗ್ ಬಿಚ್ಚಿದಾಗ ಪಟ್ಟಿ ಒದ್ದೆಯಾಗಿತ್ತು, ಅಂಚಿನಲ್ಲಿ ಧೂಳು. ಗಾಯ ದೊಡ್ಡದಾಗಿತ್ತು.

"ಎಲ್ಲಿಗೆ ಹೋಗಿದ್ದೆ?"

ಅತ್ತಿಗೆ ಹತ್ತಿಯ ಡಬ್ಬಿಯ ಕಡೆ ನೋಡಿದರು. ಹತ್ತಿಯ ಡಬ್ಬಿಯಲ್ಲಿ, ಹತ್ತಿಯ ಕೆಳಗೆ, ಎರಡು ಪೊಟ್ಟಣ ಖಾಲಿಯಾಗಿ ಮಡಚಿಕೊಂಡಿದ್ದವು. ಅವನು ತರಕಾರಿಗೆ ಹೋದಾಗ ಬೀದಿಯ ಕೊನೆಯ ಅಂಗಡಿಯವರೆಗೆ ಆ ಕಾಲಲ್ಲೇ ನಡೆದು ತಂದಿದ್ದರು. ಪೊಟ್ಟಣದ ಮೇಲಿನ ಬಣ್ಣ ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು, ಮೂವತ್ತೊಂದರ ಸರಕು. ತನ್ನ ಕೈಯಾರೆ ಪಾಸು ಮಾಡಿದ್ದು.

"ನಾನಲ್ಲ ರೀ," ಎಂದು ಅತ್ತಿಗೆ ಅತ್ತರು. "ಬೇಡ ಬೇಡ ಅಂತಾನೇ ಹೋದೆ. ದಾರಿಯುದ್ದಕ್ಕೂ ಬೇಡ ಅಂದ್ಕೋತಾನೇ ಇದ್ದೆ. ನನಗೆ ಭಯ ಆಗ್ತಿದೆ. ನನ್ನ ಕಾಲು ಹೋಗುತ್ತೆ ಅಂತ ಗೊತ್ತು, ಆದ್ರೂ ಹೋದೆ ನೋಡಿ."

ಕೈಯನ್ನು ಓಡಿಸುವ ವಿದ್ಯೆಯನ್ನು ಅವನು ಇಷ್ಟು ವರ್ಷ ಅರೆದು ಕುಡಿದಿದ್ದ. ನಿಲ್ಲಿಸುವ ವಿದ್ಯೆಯನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಕಲಿತಿರಲಿಲ್ಲ. ಅಂಗಡಿಯವನ ಹತ್ತಿರ ಹೋಗಿ, ನನ್ನ ಹೆಂಡತಿಗೆ ಕೊಡಬೇಡ ಎಂದು ಕೈಮುಗಿದ. ಅಂಗಡಿಯವನಿಗೆ ನಗು ಬಂತು. "ನಿಮ್ಮ ಸರಕು ನಿಮಗೇ ಬೇಡ್ವಾ ಸಾರ್? ಇರಲಿ ಬಿಡಿ, ಕೊಡಲ್ಲ."

ಉಳಿದ ಆರು ದಿನ ತರಕಾರಿಯನ್ನೂ ನನ್ನಿಂದಲೇ ತರಿಸಿ, ಅವನು ಹೆಂಡತಿಯನ್ನು ಬಿಟ್ಟು ಅಲುಗಲಿಲ್ಲ. ಸಂಜೆ ಆರಾದರೆ ಅತ್ತಿಗೆಗೆ ಬೆವರು, ಸಿಡುಕು, ಕೈ ಸೋಫಾದ ಮೇಲೆ ತಡಕಾಡುವುದು. ಆಗ ಅವನು ಕೇಳುತ್ತಿದ್ದ: "ಆ ದೊಡ್ಡ ಮೇಡಂ ಮಗಳ ಮದುವೆ ಯಾಕೆ ಮುರೀತೇ?" ಅತ್ತಿಗೆ ಬೈದುಕೊಂಡೇ ಹೇಳುತ್ತಿದ್ದರು. ಅವನು ನಡುನಡುವೆ ಪ್ರಶ್ನೆ ಹಾಕುತ್ತಿದ್ದ, ಅತ್ತಿಗೆ ಪರೀಕ್ಷೆ ಮಾಡುತ್ತಿದ್ದರು. ಏಳೂವರೆಗೆ ಬೇಳೆ, ಮೊಟ್ಟೆ, ಸೊಪ್ಪು. ಹನ್ನೆರಡನೇ ದಿನ ಅತ್ತಿಗೆ, "ಇವತ್ತು ಉಪ್ಪು ಜಾಸ್ತಿ," ಎಂದರು. ಉಪ್ಪು ಹಾಕಿದ್ದು ಎಂದಿನಷ್ಟೇ. ಅವನು ಕಣ್ಣೊರೆಸಿಕೊಂಡು, ಈರುಳ್ಳಿ ಎಂದ.

ಹದಿನೈದನೇ ದಿನ ಡ್ರೆಸಿಂಗ್ ಕೋಣೆಯಲ್ಲಿ ನರ್ಸು ಪಟ್ಟಿಯ ಸುತ್ತು ಒಂದೊಂದೇ ಬಿಚ್ಚಿದಳು. ಅತ್ತಿಗೆ ಗೋಡೆ ಕಡೆ ಮುಖ ಮಾಡಿ, "ಹೇಗಿದೆ ರೀ? ಸುಳ್ಳು ಹೇಳಬೇಡಿ," ಎಂದರು.

ಅವನು ಬಗ್ಗಿ ನೋಡಿದ. "ಒಂದು ಅಂಚು ಕಪ್ಪಗಿದೆ. ನಡುವೆ ಕೆಂಪಗಿದೆ."

"ಕೆಂಪು ಒಳ್ಳೇದಾ ಕೆಟ್ಟದ್ದಾ?"

ಡಾಕ್ಟರಮ್ಮ ಬಂದರು, ಕನ್ನಡಕ ಏರಿಸಿದರು, ಕಪ್ಪು ಅಂಚನ್ನು ಕತ್ತರಿಸಿ ತೆಗೆದರು, ಕೆಂಪನ್ನು ಒತ್ತಿ ನೋಡಿದರು. ಅಷ್ಟರೊಳಗೆ ಅವನಿಗೆ ಒಂದು ವರ್ಷ ವಯಸ್ಸಾಯಿತು. ನಾನು ಬಾಗಿಲಲ್ಲೇ ಇದ್ದೆ, ತಲೆಗೂದಲು ನೆರೆಯುವುದನ್ನು ಕಣ್ಣಾರೆ ಕಂಡೆ.

"ಕೆಂಪು ಹೊಸ ಮಾಂಸ," ಎಂದರು ಡಾಕ್ಟರಮ್ಮ. "ಬೆರಳು ಉಳಿಯುತ್ತೆ ಅಂತ ಈಗಲೇ ಹೇಳಲ್ಲ. ಆದ್ರೆ ಇವತ್ತು ತೆಗೆಯಲ್ಲ. ಹೀಗೇ ಇನ್ನೂ ಹದಿನೈದು ದಿನ. ಒಂದು ದಿನ ತಪ್ಪಿದ್ರೂ ನಾನು ಜವಾಬ್ದಾರಿ ಅಲ್ಲ."

ನಾಲಿಗೆಯಪ್ಪ ಮಂಚದ ಕಂಬಿ ಹಿಡಿದು ನಿಂತ. ಹದಿನೈದು ದಿನ. ಅದಾದ ಮೇಲೆ ಮತ್ತೆ ಹದಿನೈದು. ಭಯವನ್ನೂ ಆಸ್ಪತ್ರೆಯವರು ಮಾತ್ರೆಯ ಹಾಗೆ ಹೊತ್ತು ಹೊತ್ತಿಗೆ ಹಂಚಿ ಕೊಡುತ್ತಾರೆ.

ಅತ್ತಿಗೆ ಗೋಡೆಯಿಂದ ಮುಖ ತಿರುಗಿಸಿದರು.

"ಹದಿನೈದು ದಿನ ಅಂದ್ರೆ ಮೂವತ್ತು ಊಟ ರೀ. ನಿಮ್ಮ ಕೈ ಅಡುಗೆ ಮೂವತ್ತು ಹೊತ್ತು ತಿನ್ನೋದಕ್ಕಿಂತ ಬೆರಳು ಕೊಟ್ಟುಬಿಡೋದೇ ವಾಸಿ ಅನ್ಸುತ್ತೆ."

ನರ್ಸು ನಕ್ಕಳು. ನಾನೂ ನಕ್ಕೆ. ಅವನು ನಗಲಿಲ್ಲ. ಬಗ್ಗಿ, ಹೊಸ ಪಟ್ಟಿ ಕಟ್ಟಿದ ಪಾದವನ್ನು ಎರಡೂ ಕೈಯಲ್ಲಿ ಎತ್ತಿ, ನೆಲಕ್ಕೆ ತಾಗದಂತೆ ಗಾಲಿಕುರ್ಚಿಯ ಕಾಲುಹಲಗೆಯ ಮೇಲಿಟ್ಟ. ತುಂಬಿದ ಹಾಲಿನ ಪಾತ್ರೆ ಒಲೆಯಿಂದ ಇಳಿಸುವವನ ಹಾಗೆ, ಉಸಿರು ಬಿಗಿಹಿಡಿದು.